ಆಸ್ಪತ್ರೆಯಿಂದ ಬಂದ ಅವ್ವ ಎದ್ದು ನಿಲ್ತಾ ಇಲ್ಲ

ಪ್ರಶ್ನೆ: ಮೇಡಂ ನಮಸ್ತೆ, ನಮ್ದು ನಾಪೋಕ್ಲು ಹತ್ರ. ಅವ್ವನಿಗೆ 79 ವರ್ಷ, ಡಿಮೆನ್ಷಿಯಾ ಇದೆ, ಆದ್ರೂ ಕೋಳಿಗೆ ಅಕ್ಕಿ ಹಾಕೋದು, ಜಗಲಿ ಗುಡಿಸೋದು ಎಲ್ಲಾ ಮಾಡ್ತಿದ್ರು. ಈ ಮಳೆಗೆ ನ್ಯುಮೋನಿಯಾ ಆಗಿ ಎರಡು ವಾರ ಆಸ್ಪತ್ರೆಲಿದ್ರು, ಅಲ್ಲಿ ಮಂಚದಿಂದ ಇಳಿಸ್ಲೇ ಇಲ್ಲ. ಈಗ ಮನೆಲಿ ನಾನೂ ನನ್ನ ಹೆಂಡ್ತಿನೂ ಕಂಕುಳಿಗೆ ಕೈ ಹಾಕಿ ಎತ್ತಿದ್ರೆ ಕಿರುಚ್ತಾರೆ, ಹಿಂದಕ್ಕೆ ವಾಲ್ತಾರೆ. ನೆಂಟ್ರೆಲ್ಲಾ ನಡೆಯೋದೇ ಮರ್ತುಹೋಗಿದೆ, ಇನ್ನು ಇಷ್ಟೇ ಅಂತಾರೆ. ನಿಜಾನಾ?

ಉತ್ತರ: ನೆಂಟ್ರ ಮಾತು ಕೇಳಿ ಕೈ ಬಿಡ್ಬೇಡಿ, ದಯವಿಟ್ಟು. ಅವ್ವನಿಗೆ ನಿನ್ನೆ ಊಟ ಮಾಡಿದ್ದು ನೆನಪಿಲ್ದೇ ಇರ್ಬಹುದು, ಆದ್ರೆ ಏಳೋದು, ಕೂರೋದು, ನಡೆಯೋದು ಮೈಗೆ ರೂಢಿಯಾದ ಕೆಲಸ, ಈ ಕಾಯಿಲೆಲಿ ಅದು ಸಾಮಾನ್ಯವಾಗಿ ತುಂಬಾ ತಡವಾಗಿ ಹೋಗೋದು. ಎರಡು ವಾರದಲ್ಲಿ ಹೋಗಿರೋದು ಹೆಚ್ಚಾಗಿ ಕಾಲಿನ ಶಕ್ತಿ. 2007ರಲ್ಲಿ ಅಮೆರಿಕದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಮಂಚದಲ್ಲೇ ಇರಿಸಿ ನೋಡಿದ್ರು, ಅಷ್ಟಕ್ಕೇ ಕಾಲುಗಳಿಂದ ಹತ್ತಿರ ಹತ್ತಿರ 1 ಕೆಜಿ ಮಾಂಸಖಂಡ ಕರಗಿತ್ತು. ಹಾಗಿದ್ಮೇಲೆ ನ್ಯುಮೋನಿಯಾ ಬಂದ ಅವ್ವನ ಕಾಲಲ್ಲಿ ಎಷ್ಟು ಉಳಿದೀತು ಹೇಳಿ.

ಆದ್ರೆ ಎಬ್ಬಿಸೋಕೆ ಮೊದಲು ಡಾಕ್ಟ್ರ ಹತ್ರ ಕೆಲವು ವಿಷಯ ಕೇಳ್ಲೇಬೇಕು. ಅವ್ವ ಒಂದು ಗಂಟೆ ಚೆನ್ನಾಗಿದ್ದು ಇನ್ನೊಂದು ಗಂಟೆ ಮಂಪರಲ್ಲಿರ್ತಾರಾ, ಇಲ್ಲದ್ದು ಕಾಣ್ತಿದೆ ಅಂತಾರಾ? ಅದು ಡೆಲಿರಿಯಂ, ಅಂದ್ರೆ ಮೈಗೆ ಹುಷಾರಿಲ್ದಾಗ ದಿಢೀರ್ ಅಂತ ಬರೋ ಗೊಂದಲ, ಇರ್ಬಹುದು, ಮೂತ್ರದ ಸೋಂಕು, ಮಲಬದ್ಧತೆ, ನೀರು ಕಮ್ಮಿ ಆಗೋದು, ಆಸ್ಪತ್ರೆಲಿ ಶುರು ಮಾಡಿದ ನಿದ್ದೆ ಮಾತ್ರೆ, ಯಾವುದರಿಂದಾದ್ರೂ ಬರುತ್ತೆ, ಕಾರಣ ಹುಡುಕಿ ಸರಿಮಾಡಿದ್ರೆ ತುಂಬಾ ಸಲ ಇಳಿಯುತ್ತೆ. ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ. ಮೂತ್ರದ ಪೈಪ್ ಇನ್ನೂ ಇದ್ರೆ ತೆಗೀಬಹುದಾ ಕೇಳಿ, ಪೈಪೂ ಡೈಪರೂ ಇದ್ರೆ ನಮಗೆ ಸುಲಭ ಅನ್ಸುತ್ತೆ, ಆದ್ರೆ ಅವ್ವ ಏಳೋಕೆ ಇದ್ದ ಒಂದು ಕಾರಣಾನೂ ಹೋಗುತ್ತೆ. ಇನ್ನು ಆ ಕಿರುಚಾಟ. ಹಠ ಅಂತ ತಿಳ್ಕೊಬೇಡಿ, ನೋವಿರ್ಬಹುದು, ಭಯ ಇರ್ಬಹುದು, ಬಾಯಲ್ಲಿ ಹೇಳೋಕೆ ಬರಲ್ಲ ಅಷ್ಟೇ. ಕಾಲು ಅಲ್ಲಾಡಿಸ್ವಾಗ ಮುಖ ನೋಡಿ. ಒಂದು ಕಾಲು ಗಿಡ್ಡ ಆದ ಹಾಗೆ ಅಥವಾ ಹೊರಗೆ ತಿರುಗಿದ ಹಾಗೆ ಕಂಡ್ರೆ ಎಬ್ಬಿಸ್ಲೇಬೇಡಿ, ಎಕ್ಸ್‌ರೇ ಮೊದಲು.

ಕಂಕುಳಿಗೆ ಕೈ ಹಾಕೋದು ಇವತ್ತೇ ಬಿಡಿ. ಭುಜ ನೋಯುತ್ತೆ, ಮೈ ಮೇಲಕ್ಕೆಳೆದಾಗ ಬೀಳ್ತೀನಿ ಅಂತ ಹಿಂದಕ್ಕೆ ಒತ್ತೋದು ಸಹಜ. ಮೊದಲು ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರಿಸಿ, ತುಂಬಾ ದಿನ ಮಲಗಿದ್ದವರಿಗೆ ಎದ್ದ ಕೂಡ್ಲೇ ಬಿಪಿ ಇಳಿಯುತ್ತೆ. ಆಮೇಲೆ ಕೈ ಇರೋ ಗಟ್ಟಿ ಮರದ ಕುರ್ಚಿ, ಸ್ವಲ್ಪ ಎತ್ತರದ್ದು, ಪ್ಲಾಸ್ಟಿಕ್ ಬೇಡ. ಸೊಂಟ ಮುಂದಕ್ಕೆ ಸರಿಸಿ ಕುರ್ಚಿ ತುದಿಗೆ ತನ್ನಿ, ಪಾದ ಎರಡೂ ಮೊಣಕಾಲಿಗಿಂತ ಸ್ವಲ್ಪ ಹಿಂದೆ ನೆಲಕ್ಕೆ ಪೂರ್ತಿ ಊರಿರ್ಲಿ, ಅವ್ವನ ಕೈ ಕುರ್ಚಿ ಕೈ ಮೇಲೆ. ನೀವು ಎದುರಿಗೆ ನಿಲ್ಬೇಡಿ, ಎದುರಿಗೆ ನಿಂತ್ರೆ ಮುಂದಕ್ಕೆ ಬಾಗೋಕೆ ಜಾಗಾನೇ ಇರಲ್ಲ, ಪಕ್ಕದಲ್ಲಿ ನಿಂತು ಒಂದು ಕೈ ಬೆನ್ನ ಹಿಂದೆ ಇಡಿ. ಮೂಗು ಕಾಲ್ಬೆರಳು ದಾಟಿ ಮುಂದೆ ಬಂದ್ರೆ ಸೊಂಟ ತಾನಾಗೇ ಮೇಲೇಳುತ್ತೆ. ಹೇಳೋದು ಒಂದೇ ಮಾತು, ನೀವೂ ಬಾಗಿ ತೋರಿಸಿ, ಆಮೇಲೆ ಕಾಯಿರಿ, ಅವ್ವನ ತಲೆಗೆ ಹೋಗೋಕೆ ಟೈಮ್ ಬೇಕು, ಇಬ್ಬಿಬ್ರು ಒಟ್ಟಿಗೆ ಕೂಗ್ಬೇಡಿ. ಮನೆಲಿ ಕೊಡವ ತಕ್ಕ್ ಆಡಿ ಬೆಳೆದವರಾದ್ರೆ ಅದರಲ್ಲೇ ಹೇಳಿ, ಹೋಮ್‌ನರ್ಸ್ ಇದ್ರೆ ನಾಲ್ಕು ಮಾತು ಅವರಿಗೂ ಕಲಿಸಿ.

ಎಕ್ಸರ್‌ಸೈಜ್ ಮಾಡೋಣ ಅಂದ್ರೆ ಅವ್ವ ಏಳಲ್ಲ, ಯಾಕೆ ಏಳ್ಬೇಕು? ಅಕ್ಕಿ ಪಾತ್ರೆ ಕೈಗೆ ಕೊಟ್ಟು ಕೋಳಿ ಕಾಯ್ತಿದೆ ಅನ್ನಿ. ಊಟಕ್ಕೆ, ಕಾಫಿಗೆ ಮಂಚ ಬೇಡ, ಕುರ್ಚಿಗೇ ಬರ್ಲಿ, ದಿನಕ್ಕೆ ಅಷ್ಟು ಸಲ ಎದ್ರೆ ಅದೇ ಚಿಕಿತ್ಸೆ. ಮುಂಜಾನೆ ಚಳಿಲಿ ಬೇಡ, ಮೈ ಬೆಚ್ಚಗಾಗಿ ಮನಸ್ಸು ಚೆನ್ನಾಗಿರೋ ಹೊತ್ತು ನೋಡ್ಕೊಳ್ಳಿ. ಬಾಗಿಲಲ್ಲಿ ಕಾಲೊರೆಸೋಕೆ ಹಾಕಿರೋ ಗೋಣಿಚೀಲ ತೆಗೀರಿ, ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರೋದು ಹಾಕಿ, ಮಳೆಗಾಲದಲ್ಲಿ ಕರೆಂಟ್ ನಂಬೋಕಾಗಲ್ಲ, ಪಾಯಿಖಾನೆ ದಾರಿಗೆ ಚಾರ್ಜಿಂಗ್ ಬಲ್ಬ್ ಇರ್ಲಿ. ಬರೀ ಗಂಜಿ ಕುಡಿಸಿದ್ರೆ ಮಾಂಸಖಂಡ ಬರಲ್ಲ, ಕಾಯಿಲೆಯಿಂದ ಎದ್ದ ಹಿರಿಯರಿಗೆ ದಿನಕ್ಕೆ ತೂಕದ ಕೆಜಿಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಮೊಟ್ಟೆ, ಮೀನು, ಮೊಸರು, ಬೇಳೆ, ಕಿಡ್ನಿ ತೊಂದರೆ ಇದ್ರೆ ಮಾತ್ರ ಡಾಕ್ಟ್ರನ್ನ ಕೇಳಿ.

ಮೊದಲಿನಷ್ಟೇ ಓಡಾಡ್ತಾರೆ ಅಂತ ನಾನು ಮಾತು ಕೊಡೋಕಾಗಲ್ಲ, ವಾರಗಳು, ತಿಂಗಳುಗಳು ಹಿಡಿಯುತ್ತೆ. ಆದ್ರೆ ಹಿಡ್ಕೊಂಡು ಅರ್ಧ ನಿಮಿಷ ನಿಂತ್ರೂ ಸಾಕು, ಕಮೋಡ್‌ಗೆ ಕೂರಿಸೋಕಾಗುತ್ತೆ, ಬೆಡ್‌ಸೋರ್ ಭಯ ಕಮ್ಮಿ, ನಿಮ್ಮ ಹೆಂಡ್ತಿಯ ಸೊಂಟಾನೂ ಉಳಿಯುತ್ತೆ. ಒಂದ್ಸಲ ಫಿಸಿಯೋಥೆರಪಿಸ್ಟ್ ಮನೆಗೆ ಬಂದು ನೋಡ್ಲಿ. ಹಿರಿಯರ ಸಹಾಯವಾಣಿ 14567, ಯಾರನ್ನ ಕೇಳೋದು ಗೊತ್ತಾಗ್ದಿದ್ರೆ ಅಲ್ಲಿಗೆ ಫೋನ್ ಮಾಡಿ.

ಪ್ರಶ್ನೆ: ಅಪ್ಪನಿಗೆ ಮರೆವು, ಸೊಂಟದ ಆಪರೇಷನ್ ಆದ್ಮೇಲೆ ವಾಕರ್ ಕೊಟ್ರು. ಅದನ್ನ ಎತ್ಕೊಂಡು ನಡೀತಾರೆ! (ಶನಿವಾರಸಂತೆ)

ಉತ್ತರ: ಹೊಸ ಸಾಮಾನು ಬಳಸೋದು ಕಲಿಯೋದೇ ಅವರಿಗೆ ಕಷ್ಟ, ಬೈಬೇಡಿ. ಮುಂದೆ ಎರಡು ಚಕ್ರ ಇರೋದು ಕೊಡ್ಬಹುದಾ ಅಂತ ಫಿಸಿಯೋಥೆರಪಿಸ್ಟ್ ಹತ್ರ ಕೇಳಿ, ಅದನ್ನ ಎತ್ತೋ ಗೋಜಿಲ್ಲ, ತಳ್ಳಿದ್ರಾಯ್ತು. ಯಾವಾಗ್ಲೂ ಕುರ್ಚಿ ಪಕ್ಕ ಕಣ್ಣಿಗೆ ಕಾಣೋ ಹಾಗೆ ಇಡಿ, ಮೂಲೆಲಿಟ್ರೆ ಅದಿದೆ ಅನ್ನೋದೇ ನೆನಪಾಗಲ್ಲ. ಇಳಿಜಾರು ಅಂಗಳಕ್ಕೆ, ಪಾಚಿ ಕಟ್ಟಿದ ಮೆಟ್ಟಿಲಿಗೆ ಚಕ್ರದ ವಾಕರ್ ತರ್ಬೇಡಿ, ಅಲ್ಲಿ ನಿಮ್ಮ ಕೈ ಹಿಡಿದೇ ನಡೀಲಿ.