ಎಚ್‌ಸಿಎಂ (ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ) ಇರುವ ರೋಗಿಗೆ ಟಾಕೊಟ್ಸುಬೊ (ಒತ್ತಡದಿಂದ ಹೃದಯ ಸ್ನಾಯು ತಾತ್ಕಾಲಿಕವಾಗಿ ಸೋಲುವ ಸ್ಥಿತಿ) ಕೂಡ ಸೇರಿ ಕಾರ್ಡಿಯೋಜೆನಿಕ್ ಶಾಕ್ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡದ ಅಪಾಯಕರ ಸ್ಥಿತಿ) ಆದರೆ ಹೃದಯದ ಸಂಕುಚನ ಹೆಚ್ಚಿಸುವ ಡೊಬುಟಮಿನ್ ಕೊಡಬಹುದೇ?

ಎಕೋ (ಹೃದಯದ ಅಲ್ಟ್ರಾಸೌಂಡ್) ನೋಡದೆ ಕೊಡಬೇಡಿ. ಟಾಕೊಟ್ಸುಬೊದಲ್ಲಿ ಸಾಮಾನ್ಯವಾಗಿ ಎಡ ಹೃತ್ಕುಕ್ಷಿಯ ತುದಿ ಸ್ತಬ್ಧವಾಗಿ, ಬುಡದ ಭಾಗ ವಿಪರೀತ ಜೋರಾಗಿ ಸಂಕುಚಿಸುತ್ತದೆ. ಎಚ್‌ಸಿಎಂನಿಂದ ಅಲ್ಲಿ ಸೆಪ್ಟಮ್ (ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆ) ಮೊದಲೇ ದಪ್ಪಗಿದ್ದರೆ ಮೈಟ್ರಲ್ ಕವಾಟದ ಮುಂದಿನ ಎಲೆ ಅದಕ್ಕೆ ಬಂದು ತಾಗುತ್ತದೆ. ರಕ್ತ ಹೊರಹೋಗುವ ದಾರಿ ಕಟ್ಟುತ್ತದೆ, ಕವಾಟವೂ ಸೋರುತ್ತದೆ. ರಕ್ತದ ವೇಗ ಅಳೆಯುವ ಡಾಪ್ಲರ್‌ನಲ್ಲಿ ತಡವಾಗಿ ಶಿಖರ ಮುಟ್ಟುವ, ಕಠಾರಿಯಂಥ ಅಲೆ ಕಾಣುತ್ತದೆ. ಗ್ರೇಡಿಯೆಂಟ್ (ಆ ದಾರಿಯ ಹಿಂದುಮುಂದಿನ ಒತ್ತಡದ ವ್ಯತ್ಯಾಸ) 30 ಎಂಎಂಎಚ್‌ಜಿ ಮುಟ್ಟಿದರೆ ಅಡ್ಡಿ ಇದೆ ಎಂದರ್ಥ. ಮೈಟ್ರಲ್ ಸೋರಿಕೆಯ ಅಲೆಯನ್ನೇ ಈ ಅಡ್ಡಿಯ ಅಲೆ ಎಂದು ಅಳೆದುಬಿಡುವ ತಪ್ಪು ಬಹಳ ಸಾಮಾನ್ಯ.

ಅಡ್ಡಿ ಇದ್ದರೆ ಡೊಬುಟಮಿನ್, ಅಡ್ರಿನಲಿನ್, ಮಿಲ್ರಿನೋನ್‌ನಂಥ ಸಂಕುಚನ ಹೆಚ್ಚಿಸುವ ಔಷಧ ನಿಲ್ಲಿಸಿ, ರಕ್ತನಾಳ ಹಿಗ್ಗಿಸುವ ನೈಟ್ರೇಟ್ ಮುಟ್ಟಬೇಡಿ. ಮಹಾಧಮನಿಯಲ್ಲಿಡುವ ಬಲೂನ್ ಪಂಪ್ ಕೂಡ ಆಫ್ಟರ್‌ಲೋಡ್ (ಹೃದಯ ಎದುರಿಸಿ ಪಂಪ್ ಮಾಡಬೇಕಾದ ಒತ್ತಡ) ಇಳಿಸಿ ಅಡ್ಡಿಯನ್ನು ಹೆಚ್ಚಿಸುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿಲ್ಲದಿದ್ದರೆ 250 ಮಿ.ಲೀ. ದ್ರವ ಕೊಟ್ಟು ಮತ್ತೆ ಪರೀಕ್ಷಿಸಿ. ಸರಾಸರಿ ರಕ್ತದೊತ್ತಡ 65 ಎಂಎಂಎಚ್‌ಜಿ ದಾಟುವವರೆಗೆ ರಕ್ತನಾಳ ಬಿಗಿಗೊಳಿಸುವ ಫಿನೈಲೆಫ್ರಿನ್ ಏರಿಸಿ. ಬಿಪಿ ಹಿಡಿತಕ್ಕೆ ಬಂದ ಮೇಲಷ್ಟೇ ಎಸ್ಮೊಲಾಲ್ (ಹೃದಯದ ಬಡಿತ, ಬಲ ತಗ್ಗಿಸುವ ಬೀಟಾ ಬ್ಲಾಕರ್): ನಿಮಿಷಕ್ಕೆ, ಪ್ರತಿ ಕೆ.ಜಿ.ಗೆ 25–50 ಮೈಕ್ರೋಗ್ರಾಂನಿಂದ, ಬೋಲಸ್ (ಒಮ್ಮೆಗೇ ಕೊಡುವ ಡೋಸ್) ಇಲ್ಲದೆ. ಶಾಕ್‌ನಲ್ಲಿ ಬೀಟಾ ಬ್ಲಾಕರ್ ಎಂದರೆ ಕೈ ನಡುಗುವುದು ಸಹಜ, ಆದರೆ ಇಲ್ಲಿ ದಾರಿ ತೆರೆಸುವುದು ಅದೇ. ಅದರ ಪರಿಣಾಮ ನಿಮಿಷಗಳಲ್ಲೇ ಇಳಿಯುವುದರಿಂದ ಹದ ತಪ್ಪಿದರೂ ಹಿಂತೆಗೆಯಬಹುದು. ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಅನಿಯಮಿತ ಬಡಿತ) ಶುರುವಾಗಿ ಬಿಪಿ ಕುಸಿದರೆ ತಡಮಾಡದೆ ಸಿಂಕ್ರೊನೈಸ್ಡ್ ಕಾರ್ಡಿಯೋವರ್ಷನ್ (ಬಡಿತಕ್ಕೆ ಹೊಂದಿಸಿ ಕೊಡುವ ವಿದ್ಯುತ್ ಆಘಾತ) ಮಾಡಿ.

ಇಷ್ಟಾದರೂ ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಿದ್ದಾಗ ಏರುವ ಅಂಶ) ಏರುತ್ತಲೇ ಇದ್ದರೆ ವಿಎ-ಎಕ್ಮೊ (ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರ) ತಂಡವನ್ನು ಬೇಗ ಕರೆಸಿ. ಅಡ್ಡಿಯೇ ಇಲ್ಲದೆ ಪಂಪ್ ಮಾತ್ರ ಸೋತಿದ್ದರೆ ಕಡಿಮೆ ಡೋಸಿನ ಐನೋಟ್ರೋಪ್ (ಡೊಬುಟಮಿನ್‌ನಂಥ ಸಂಕುಚನ ಹೆಚ್ಚಿಸುವ ಔಷಧ) ಆಲೋಚಿಸಬಹುದು, ಪ್ರತಿ ಬದಲಾವಣೆಯ ನಂತರ ಎಕೋ ಮಾಡುತ್ತಾ.