ಜೂನ್ ಒಂದರ ಮಕ್ಕಳು

ಓದುಗರ ಪತ್ರ: "ನಾನು ಬ್ಯಾಂಕಿನಿಂದ ನಿವೃತ್ತನಾದವನು. ಆರು ವರ್ಷದಿಂದ ಮೊಮ್ಮಗಳ ಹುಟ್ಟುಹಬ್ಬಕ್ಕೆ ನಮ್ಮೂರಿನ ಅನಾಥಾಶ್ರಮವೊಂದರಲ್ಲಿ ಹೋಳಿಗೆ ಊಟ ಹಾಕಿಸುತ್ತಿದ್ದೇವೆ. 18 ತುಂಬಿ ಹೊರಗೆ ಹೋದವರಿಗೂ ಸರ್ಕಾರ ತಿಂಗಳು ತಿಂಗಳು ಹಣ ಕೊಡುತ್ತದೆಂದು ಈ ಸಲ ತಿಳಿಯಿತು. ಇದರಿಂದ ಹುಡುಗರು ಸೋಮಾರಿಗಳಾಗುವುದಿಲ್ಲವೇ? ನಾವೆಲ್ಲ ಆ ವಯಸ್ಸಿಗೆ ದುಡಿಯಲು ನಿಂತವರು. ಅದೇ ಹಣದಲ್ಲಿ ಚಿಕ್ಕ ಮಕ್ಕಳಿಗೆ ಇನ್ನೊಂದು ಕಟ್ಟಡ ಕಟ್ಟಬಾರದೇ?"
ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಸಂಪಾದಕರ ಉತ್ತರ:

ಆರು ವರ್ಷ ತಪ್ಪದೆ ಹೋಳಿಗೆ ಹಾಕಿಸಿದ ಕೈಗಳಿಗೆ ಮೊದಲು ನಮಸ್ಕಾರ. ನಿಮ್ಮ ಅಳುಕಿನಲ್ಲೂ ಸ್ವಲ್ಪ ನಿಜವಿದೆ. ಖಾತೆಗೆ ದುಡ್ಡು ಹಾಕಿ, ಹುಡುಗ ಏನಾದನೆಂದು ಯಾರೂ ಹೋಗಿ ನೋಡದಿದ್ದರೆ ಮೈಗಳ್ಳತನ ಬರಬಹುದು. ಪತ್ರದ ಉಳಿದ ಭಾಗಕ್ಕೆ ಮಾತ್ರ ನನ್ನ ತಕರಾರಿದೆ, ಅದು ಸಣ್ಣದೂ ಅಲ್ಲ.

"ಅನಾಥಾಶ್ರಮ" ಎಂಬ ಮಾತನ್ನು ಬಿಡಿ. ಸರ್ಕಾರದ್ದಿರಲಿ, ಖಾಸಗಿಯವರದಿರಲಿ, ಕಾಯ್ದೆಯಲ್ಲಿ ಅದರ ಹೆಸರು ಮಕ್ಕಳ ಪಾಲನಾ ಸಂಸ್ಥೆ; ಸರ್ಕಾರದ್ದನ್ನು ನಾವು ಬಾಲಮಂದಿರ ಎನ್ನುತ್ತೇವೆ. ಅಲ್ಲಿರುವ ಎಷ್ಟೋ ಮಕ್ಕಳಿಗೆ ತಾಯಿಯೋ ತಂದೆಯೋ ಇದ್ದಾರೆ. ಕಾಯಿಲೆ, ಕುಡಿತ, ಕೂಲಿಗೆ ಗುಳೆ ಹೋದ ಸಂಸಾರ, ಇಂಥ ಯಾವುದೋ ಕಾರಣಕ್ಕೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಬಂದಿರುತ್ತಾರೆ. ಊಟಕ್ಕೆ ಕುಳಿತ ಮಗುವಿನ ಕಿವಿಗೆ "ಪಾಪ, ಅನಾಥ" ಎಂಬುದು ಬಿದ್ದರೆ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ.

ಇನ್ನು ಹಣದ ಮಾತು. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಪ್ರಕಾರ 18 ತುಂಬಿ ಸಂಸ್ಥೆ ಬಿಡುವವರಿಗೆ ಆರ್ಥಿಕ ನೆರವು ಕೊಡಬಹುದು. 2016ರ ಮಾದರಿ ನಿಯಮಗಳು ಈ ಅನುಪಾಲನೆಯನ್ನು, ಅಂದರೆ ಸಂಸ್ಥೆ ಬಿಟ್ಟ ಮೇಲಿನ ಆಸರೆಯನ್ನು, 21ರವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ ಎನ್ನುತ್ತವೆ. ಮಕ್ಕಳ ರಕ್ಷಣೆಗೆಂದು ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಲ್ಲಿ ಇದಕ್ಕಿಟ್ಟ ಮೊತ್ತ ತಿಂಗಳಿಗೆ 4,000 ರೂಪಾಯಿ. ಕಾಯ್ದೆಯ ಮಾತು "ಕೊಡಬಹುದು" ಎಂದಿದೆ, "ಕೊಡತಕ್ಕದ್ದು" ಎಂದಿಲ್ಲ. 18 ತುಂಬಿತೆಂದು ಹಣ ತಾನಾಗಿ ಬಂದು ಬೀಳುವುದಿಲ್ಲ. ಬಿಡುಗಡೆಗೆ ಎರಡು ತಿಂಗಳು ಮುಂಚೆ ಪರಿವೀಕ್ಷಣಾಧಿಕಾರಿಯೋ ಮಕ್ಕಳ ಕಲ್ಯಾಣಾಧಿಕಾರಿಯೋ ಯೋಜನೆ ಬರೆದು ಸಮಿತಿಗೆ ಸಲ್ಲಿಸಬೇಕು, ಆದೇಶವಾಗಬೇಕು, ಹುಡುಗನ ಹೆಸರಿನಲ್ಲೇ ನಿಷ್ಕ್ರಿಯವಾಗದ ಬ್ಯಾಂಕ್ ಖಾತೆ ಇರಬೇಕು. ಒಂದು ಕೊಂಡಿ ತಪ್ಪಿದರೂ ಅವನು ಬರಿಗೈಲಿ ಹೊರಗೆ.

ನೀವು 18ಕ್ಕೆ ದುಡಿಯಲು ನಿಂತಿರಿ, ಒಪ್ಪೋಣ. ರಾತ್ರಿ ಮಲಗಲು ಎಲ್ಲಿಗೆ ಬರುತ್ತಿದ್ದಿರಿ? ಜ್ವರ ಬಂದ ದಿನ ಗಂಜಿ ಕಾಸಿದವರು ಯಾರು? ಮೊದಲ ಸಂಬಳ ಬರುವವರೆಗಿನ ಮೂವತ್ತು ದಿನ ಯಾರ ಅನ್ನ ಉಂಡಿರಿ? ನಮ್ಮ ಮನೆಯ ಹುಡುಗ 25 ಆದರೂ ಅಪ್ಪನ ಬೈಕಿಗೆ ಅಪ್ಪನ ದುಡ್ಡಲ್ಲೇ ಪೆಟ್ರೋಲ್ ಹಾಕಿಸುತ್ತಾನೆ, ಅವನನ್ನು ನಾವು ಸೋಮಾರಿ ಎನ್ನುವುದಿಲ್ಲ.

ನಮ್ಮ ಕಡೆ ಜೂನ್ 1 ಎಷ್ಟು ಜನರ ಹುಟ್ಟಿದ ದಿನ ಎಂಬುದು ನಿಮಗೆ ಗೊತ್ತು. ತಾರೀಖು ಗೊತ್ತಿಲ್ಲದ ಮಗುವಿಗೆ ಶಾಲೆ ಶುರುವಾಗುವ ದಿನವನ್ನೇ ಮೇಷ್ಟ್ರು ಬರೆದುಬಿಡುತ್ತಿದ್ದರು. ಬಾಲಮಂದಿರದ ಮಕ್ಕಳ ದಾಖಲೆಯಲ್ಲಂತೂ ಅದು ಸಾಮಾನ್ಯ. ಹಾಗಾಗಿ ಪಿಯುಸಿ ಮುಗಿದು ಡಿಗ್ರಿಗೆ ಅರ್ಜಿ ಹಾಕುವ ಹೊತ್ತಿಗೇ 18 ತುಂಬಿರುತ್ತದೆ. ಅತ್ತ ಬಾಲಮಂದಿರದ ಹಾಸಿಗೆ ಹೋಯಿತು, ಇತ್ತ ಹಾಸ್ಟೆಲಿನ ಪಟ್ಟಿ ಬಂದಿಲ್ಲ. ಓದಬೇಕಾದ ಹುಡುಗ ಮಂಡಕ್ಕಿ ಭಟ್ಟಿಗೋ ಹೋಟೆಲಿನ ಸಪ್ಲೈಯರ್ ಕೆಲಸಕ್ಕೋ ಹೋಗುವುದು ಈ ಸಂದಿಯಲ್ಲೇ. ಅಲ್ಲಿ ಮಲಗಲು ಜಾಗ ಕೊಡುತ್ತಾರಲ್ಲ!

ನಿಯಮದ ಎರಡು ತಿಂಗಳು ಇದಕ್ಕೆ ಏನೇನೂ ಸಾಲದು. 16 ತುಂಬಿದ ದಿನವೇ ಫೈಲು ತೆಗೆಯಬೇಕು. ಮೊದಲು ಹೆಸರು ನೋಡಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಯಲ್ಲಿ, ಆಧಾರ್‌ನಲ್ಲಿ ಮೊದಲಲ್ಲಿ, ಪಾಸ್‌ಬುಕ್ಕಿನಲ್ಲಿ ಇಲ್ಲವೇ ಇಲ್ಲ; ಇಷ್ಟು ಸಾಕು, ಸ್ಕಾಲರ್‌ಶಿಪ್ ನಿಲ್ಲುತ್ತದೆ. ಆಮೇಲೆ 15ರ ವಯಸ್ಸಿನಲ್ಲಿ ಆಗಬೇಕಾದ ಆಧಾರ್ ಬೆರಳಚ್ಚು ನವೀಕರಣ ಆಗಿದೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಹೆಚ್ಚು ಕಾಡುವುದು ಮೊಬೈಲ್ ನಂಬರು. ಆಧಾರ್‌ಗೂ ಖಾತೆಗೂ ಅಂದಿನ ಅಧೀಕ್ಷಕರ ನಂಬರೇ ಜೋಡಣೆಯಾಗಿರುತ್ತದೆ. ಅವರು ವರ್ಗವಾಗಿ ಹೋದರು. ಹುಡುಗ ಊರಾಚೆ ಸೈಬರ್ ಸೆಂಟರಿನಲ್ಲಿ ಕುಳಿತಿರುತ್ತಾನೆ, ಓಟಿಪಿ ಇನ್ಯಾವುದೋ ಜಿಲ್ಲೆಯ ಜೇಬಿಗೆ ಬರುತ್ತದೆ.

ಖಾತೆಯ ಕಥೆ ನಿಮಗೇ ಚೆನ್ನಾಗಿ ಗೊತ್ತು. ಅಪ್ರಾಪ್ತರ ಖಾತೆಗೆ 18 ಆದಮೇಲೆ ಹೊಸ ಸಹಿ, ಹೊಸ ಕೆವೈಸಿ ಬೇಕು. ಎರಡು ವರ್ಷ ವಹಿವಾಟಿಲ್ಲದಿದ್ದರೆ ಖಾತೆ ನಿಷ್ಕ್ರಿಯ. ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್.ಡಿ. ಸಂಖ್ಯೆ ಇಲ್ಲದೆ ಸ್ಕಾಲರ್‌ಶಿಪ್ ಅರ್ಜಿ ಮುಂದಕ್ಕೆ ಹೋಗದು. ತಂದೆ ತಾಯಿ ಇಬ್ಬರೂ ಇಲ್ಲದವನು ಯಾರ ಆದಾಯ ತೋರಿಸಬೇಕು? ಇದನ್ನು ತಹಶೀಲ್ದಾರರ ಹತ್ತಿರ ಕುಳಿತು ಮುಂಚೆಯೇ ಬಗೆಹರಿಸಬೇಕು. ಅರ್ಜಿಯ ಕೊನೆಯ ದಿನ ನಾಡಕಚೇರಿ ಬಾಗಿಲಿಗೆ ಓಡಿದರೆ ಆಗುವ ಕೆಲಸವಲ್ಲ.

ಕಾಗದವಾದ ಮೇಲೆ ಕೈಗೆಲಸ. ನೂರು ಜನರ ಅನ್ನ ಬೇಯುವ ಮನೆಯಲ್ಲಿ ಬೆಳೆದವನಿಗೆ ಒಂದು ಪಾವು ಅಕ್ಕಿಗೆ ಎಷ್ಟು ನೀರು ಎಂಬುದು ಗೊತ್ತಿರುವುದಿಲ್ಲ. ದುಡ್ಡು ಅವನ ಕೈಯಲ್ಲಿ ಇದ್ದದ್ದೇ ಇಲ್ಲ. ಮೊದಲ ತಿಂಗಳ 4,000 ಹತ್ತು ದಿನಕ್ಕೆ ಖಾಲಿಯಾಗುವುದು ದುಶ್ಚಟದಿಂದಲೇ ಎಂದು ತೀರ್ಪು ಕೊಡಬೇಡಿ, ಅಭ್ಯಾಸವಿಲ್ಲದೆಯೂ ಹಾಗಾಗುತ್ತದೆ. 16ರಿಂದಲೇ ವಾರಕ್ಕೊಮ್ಮೆ ನಾಲ್ಕು ಜನಕ್ಕೆ ಒಂದು ಹೊತ್ತಿನ ಅಡುಗೆಯ ದುಡ್ಡು ಅವನಿಗೇ ಕೊಟ್ಟು, ಸಂತೆಗೆ ಕಳಿಸಿ, ಲೆಕ್ಕ ಬರೆಸಬೇಕು. ಒಮ್ಮೆ ಚಿಲ್ಲರೆ ತಪ್ಪಲಿ, ಒಮ್ಮೆ ಸಾರು ಸೀಯಲಿ. ತಪ್ಪು ಮಾಡಲು ಸೂರಿರುವಾಗಲೇ ತಪ್ಪು ಮಾಡಿ ಕಲಿಯಬೇಕು. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವುದು, ಬ್ಯಾಂಕಿನಲ್ಲಿ ಚಲನ್ ತುಂಬುವುದು, ಒಬ್ಬನೇ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗಿಬರುವುದು, ಇವೆಲ್ಲ ಅದೇ ಪಾಠ. ಗ್ಯಾಸಿಗೂ ಉಪಾಯವಿದೆ: 5 ಕೆ.ಜಿ.ಯ ಸಣ್ಣ ಸಿಲಿಂಡರಿಗೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಇದನ್ನು ಹೇಳುವವರಿಲ್ಲದೆ ಹುಡುಗರು ಮೂರು ಹೊತ್ತೂ ಹೋಟೆಲಿಗೆ ಸುರಿಯುತ್ತಾರೆ.

2016ರ ಅದೇ ಮಾದರಿ ನಿಯಮಗಳು ಆರೆಂಟು ಜನ ಒಟ್ಟಾಗಿರುವ ತಾತ್ಕಾಲಿಕ ಗುಂಪುಮನೆ, ತರಬೇತಿ ಕಾಲದ ಸ್ಟೈಪೆಂಡ್, ಆಗಾಗ ಬಂದು ಮಾತಾಡಿಸುವ ಆಪ್ತಸಮಾಲೋಚಕರನ್ನೂ ಹೇಳುತ್ತವೆ. ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷದ ಕೋರ್ಸು, ವೆಲ್ಡರ್ ಒಂದು ವರ್ಷದ್ದು. ಆ ಎರಡು ವರ್ಷ ಒಂದು ಮನೆ, ಒಂದು ಒಲೆ ಇದ್ದರೆ ಹುಡುಗ ದಡ ಸೇರಿದ. ಹುಡುಗಿಯರ ವಿಷಯದಲ್ಲಿ ನಮ್ಮ ಯೋಚನೆ ಇನ್ನೂ ಮೊಟಕು: "ಒಳ್ಳೇ ಗಂಡು ನೋಡಿ ಮದುವೆ ಮಾಡಿದರಾಯಿತು." ಮದುವೆ ಆಗಲಿ, ಸಂತೋಷ. ಆದರೆ ನಾಳೆ ಗಂಡ ಹೊಡೆದರೆ ಅವಳಿಗೆ ತವರು ಯಾವುದು?

ನನ್ನ ಪಟ್ಟು ಇರುವುದು ಇಲ್ಲೇ. ಹಿಂದೆ ನಮ್ಮ ಊರುಗಳಲ್ಲಿ ವಾರಾನ್ನವಿತ್ತು. ಓದಲು ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆಯಲ್ಲಿ ಉಣ್ಣುತ್ತಿದ್ದ. ಜಾತಿಯ ಗೋಡೆ ಅದರಲ್ಲೂ ಇತ್ತು, ಅವಮಾನವೂ ಇತ್ತು. ಅದನ್ನು ಮರಳಿ ತನ್ನಿ ಎನ್ನುತ್ತಿಲ್ಲ. ಆದರೆ ಆ ಹುಡುಗನಿಗೆ ಊಟದ ಜೊತೆಗೆ ಏಳು ಮನೆಯ ಬಾಗಿಲು ಗೊತ್ತಾಗುತ್ತಿತ್ತು. "ನಮ್ಮ ಹುಡುಗ, ಕೆಲಸ ಕೊಡಿ" ಎನ್ನುವ ಒಬ್ಬ ಯಜಮಾನ, "ಯಾಕೋ ಸೊರಗಿದ್ದೀಯ" ಎನ್ನುವ ಒಬ್ಬ ಅಮ್ಮ ಸಿಗುತ್ತಿದ್ದರು. ಈಗಿನ ಹುಟ್ಟುಹಬ್ಬದ ಊಟದಲ್ಲಿ ಮಕ್ಕಳಿಗೆ ನಿಮ್ಮ ಮನೆ ಯಾವ ಬೀದಿ ಎಂಬುದೂ ತಿಳಿಯುವುದಿಲ್ಲ. ದೀಪಾವಳಿಗೆ ಹಾಸ್ಟೆಲ್ ಮೆಸ್ ಬಂದ್ ಆದಾಗ ಉಳಿದವರೆಲ್ಲ ಊರಿಗೆ ಹೋಗುತ್ತಾರೆ. ಇವನು?

ನಮಗೆ ಕಟ್ಟಡ ಬೇಕು, ಕಲ್ಲಿನ ಮೇಲೆ ಹೆಸರು ಬೇಕು. ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರು ತಿರುಗುತ್ತಿರುತ್ತದೆ. ಮಕ್ಕಳ ಮುಖ ಕಾಣುವಂತೆ ಫೋಟೊ ತೆಗೆದು ಪತ್ರಿಕೆಗೆ ಕಳಿಸುತ್ತಾರೆ. ಅದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದಾದ ಅಪರಾಧ ಎಂಬುದು ಗಣ್ಯರೆನಿಸಿಕೊಂಡವರಿಗೂ ಗೊತ್ತಿಲ್ಲ. ಇನ್ನೊಂದು ಕಟ್ಟಡ ಕಟ್ಟಿದರೆ ಅದನ್ನು ತುಂಬಲು ಮಕ್ಕಳನ್ನು ಹುಡುಕುವಂತಾಗುತ್ತದೆ. ತಾಯಿಯ ಮಡಿಲಲ್ಲೇ ಮಗು ಉಳಿಯಲೆಂದು ತಿಂಗಳಿಗೆ 4,000ದ ಪ್ರಾಯೋಜಕತ್ವವೂ ಅದೇ ಮಿಷನ್ ವಾತ್ಸಲ್ಯದಲ್ಲಿದೆ. ಅದಕ್ಕೆ ಉದ್ಘಾಟನೆ ಇಲ್ಲ, ಆದ್ದರಿಂದ ಮಾತೂ ಇಲ್ಲ.

ನಿಮ್ಮಂಥವರು ಮಾಡಬಹುದಾದದ್ದು ಬೇಕಾದಷ್ಟಿದೆ. ಮಹಡಿಯ ರೂಮು ಖಾಲಿ ಇದ್ದರೆ ಇಂಥ ಮೂವರಿಗೆ ಬಾಡಿಗೆಗೆ ಕೊಡಿ. ಪುಕ್ಕಟೆ ಬೇಡ, ಮುಂಗಡ ಕಡಿಮೆ ಮಾಡಿ. ಕರಾರು ಪತ್ರ ಬರೆದುಕೊಡಿ, ವಿಳಾಸ ಬದಲಿಸಲು ಅವರಿಗೆ ಅದೇ ಆಧಾರ. ಮಕ್ಕಳನ್ನು ನೇರವಾಗಿ ಮನೆಗೆ ಕರೆಯಲು ಹೋಗಬೇಡಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಟ್ಟು, ಅವರ ಒಪ್ಪಿಗೆಯ ಮೇಲೆಯೇ ಒಳಗೆ ಕಾಲಿಡಿ. ನಿಮ್ಮ ಮೂವತ್ತು ವರ್ಷದ ಬ್ಯಾಂಕಿನ ಕಣ್ಣು ಅಲ್ಲಿ ಹೋಳಿಗೆಗಿಂತ ಹೆಚ್ಚು ಬೇಕಾಗಿದೆ. ತಿಂಗಳಿಗೆ ಎರಡು ಶನಿವಾರ ಸಾಕು. ಬರುವ ಜೂನ್ 1ಕ್ಕೆ 17 ತುಂಬುವವರು ಯಾರೆಂದು ಕೇಳಿ, ಒಬ್ಬೊಬ್ಬರದೇ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ಹೆಸರು ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ತಿದ್ದುಪಡಿಗೆ ಒಂದಿಡೀ ವರ್ಷ ಸಿಗುತ್ತದೆ.