ಕೆಂಪು ಹರಿವೆಯಲ್ಲಿ ಹಸಿರು ಎಲ್ಲಿದೆ?

ನಿಮ್ಮ 7ನೇ ಕ್ಲಾಸಿನ ಮಗಳು ಕೇಳಿದ್ದು ಒಳ್ಳೇ ಪ್ರಶ್ನೆ. ಹಸಿರು ಇದ್ದರೆ ತಾನೇ ಎಲೆ ಆಹಾರ ತಯಾರಿಸೋದು, ಹಾಗಾದರೆ ಕೆಂಪು ಹರಿವೆ ಏನು ಮಾಡುತ್ತೆ, ಮನೆಯಲ್ಲೇ ಮಾಡಿ ತೋರಿಸೋಕೆ ಆಗುತ್ತಾ ಅಂತ. ಆಗುತ್ತೆ. ಕಿಟ್ ಕೊಳ್ಳಬೇಡಿ, ಸುಮ್ನೆ ದುಡ್ಡು ದಂಡ.

ಮೊದಲು ಒಂದು ಹಿಡಿ ಕೆಂಪು ಹರಿವೆಯನ್ನು (ದಂಟಿನ ಸೊಪ್ಪು ಅಂತಲೂ ಅಂತೀರೇನೋ) ಬರೀ ನೀರಲ್ಲಿ ಐದು ನಿಮಿಷ ಕುದಿಸಿ. ನೀರು ಬೀಟ್‌ರೂಟ್ ತೊಳೆದ ಹಾಗೆ ಕೆಂಪಾಗುತ್ತೆ, ಎಲೆ ಹಸಿರಾಗಿ ಉಳಿಯುತ್ತೆ. ಅಷ್ಟೇ ಪ್ರಯೋಗ! ಆ ಕೆಂಪು ಬೀಟಾಲೇನ್ ಅನ್ನೋ ಬಣ್ಣ, ನೀರಲ್ಲಿ ಕರಗುತ್ತೆ. ಎಲೆಗೆ ಹಸಿರು ಕೊಡೋ ಪತ್ರಹರಿತ್ತು (ಕ್ಲೋರೋಫಿಲ್) ನೀರಲ್ಲಿ ಕರಗಲ್ಲ, ಅದಕ್ಕೇ ಎಲೆಯಲ್ಲೇ ಉಳಿಯಿತು. ಬೀಟ್‌ರೂಟ್, ಬಸಳೆ ಹಣ್ಣು, ಕಾಗದದ ಹೂವು, ಎಲ್ಲದರಲ್ಲೂ ಇರೋದು ಇದೇ ಜಾತಿಯ ಬಣ್ಣ. ಹುಣಸೆಹುಳಿ ಮಾತ್ರ ಹಾಕಬೇಡಿ. ಹುಳಿ ಬಿದ್ದರೆ ಪತ್ರಹರಿತ್ತಿನ ನಡುವೆ ಇರೋ ಮೆಗ್ನೀಸಿಯಂ ಕಳಚಿಹೋಗಿ ಎಲೆ ಮಾಸಲು ಬಣ್ಣಕ್ಕೆ ತಿರುಗುತ್ತೆ. ಸೊಪ್ಪಿನ ಹುಳಿ ಮಾಡುವಾಗ ದಿನಾ ನೋಡ್ತೀವಿ, ಯಾಕೆ ಅಂತ ಕೇಳಲ್ಲ, ಅಲ್ವಾ?

ಇನ್ನು ಆ ಎಲೆ ಆಹಾರ ತಯಾರಿಸಿದೆಯೋ ಇಲ್ಲವೋ ಅಂತ ಪಿಷ್ಟ (ಸ್ಟಾರ್ಚ್, ಎಲೆ ಕೂಡಿಟ್ಟುಕೊಳ್ಳೋ ಆಹಾರ) ಇದೆಯಾ ನೋಡಿ ತಿಳಿಯಬೇಕು. ಕುದಿಸಿದ ಎಲೆಯನ್ನು ಸಣ್ಣ ಲೋಟದಲ್ಲಿ ಸರ್ಜಿಕಲ್ ಸ್ಪಿರಿಟ್ ಹಾಕಿ ಮುಳುಗಿಸಿ, ಆ ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿಡಿ. ಒಲೆ ಆರಿಸಿದ ಮೇಲೆಯೇ ಸ್ಪಿರಿಟ್ ಬಾಟಲಿ ಮುಚ್ಚಳ ತೆಗೆಯಬೇಕು. ನಾನು ಒಮ್ಮೆ ನೇರ ಗ್ಯಾಸ್ ಮೇಲಿಟ್ಟು, ಆವಿಗೆ ಬೆಂಕಿ ಹತ್ತಿ, ಹುಬ್ಬು ಸುಟ್ಟುಕೊಂಡು ಅಮ್ಮನ ಹತ್ತಿರ ಬೈಸಿಕೊಂಡಿದ್ದೇನೆ. ಹಸಿರೆಲ್ಲ ಸ್ಪಿರಿಟ್‌ಗೆ ಇಳಿದು ಎಲೆ ಬಿಳಚಿಕೊಂಡ ಮೇಲೆ ನೀರಲ್ಲಿ ತೊಳೆದು ಟಿಂಚರ್ ಅಯೋಡಿನ್ ಹನಿಸಿ. ಪಿಷ್ಟ ಇದ್ದರೆ ನೀಲಿ-ಕಪ್ಪಾಗುತ್ತೆ. ಎಲೆಯನ್ನು ಬೆಳಿಗ್ಗೆ ಕೀಳಬೇಡಿ! ಹಗಲು ಕೂಡಿಟ್ಟ ಪಿಷ್ಟವನ್ನು ಗಿಡ ರಾತ್ರಿಯೆಲ್ಲಾ ಖರ್ಚು ಮಾಡಿರುತ್ತೆ. ನನಗೆ ಎರಡು ಸಲ ಏನೂ ಬರದೆ ಅಯೋಡಿನ್ನೇ ಹಳೇದು ಅಂದುಕೊಂಡಿದ್ದೆ. ಬಿಸಿಲಲ್ಲಿ ನಿಂತ ಗಿಡದಿಂದ ಮಧ್ಯಾಹ್ನ ಮೂರರ ಮೇಲೆ ಕಿತ್ತರೆ ಒಳ್ಳೇದು.

ಹಸಿರಾದ ಸ್ಪಿರಿಟ್ ಚೆಲ್ಲಬೇಡಿ. ತಟ್ಟೆಗೆ ಸ್ವಲ್ಪ ಸುರಿದು ಬಿಳಿ ಸೀಮೆಸುಣ್ಣ ಒಂದನ್ನು ಅದರಲ್ಲಿ ನೆಟ್ಟಗೆ ನಿಲ್ಲಿಸಿ. ಬಣ್ಣ ನಿಧಾನಕ್ಕೆ ಮೇಲೇರುತ್ತೆ, ಹಸಿರಿನ ಮೇಲ್ಗಡೆ ಹಳದಿ ಅಂಚು ಕಾಣುತ್ತೆ. ಪುಸ್ತಕದ ಚಿತ್ರದ ಹಾಗೆ ಚೊಕ್ಕ ಪಟ್ಟೆಗಳು ಬರಲ್ಲ, ನಿರಾಸೆ ಬೇಡ. ಮಿಖಾಯಿಲ್ ತ್ಸ್ವೆಟ್ ಅನ್ನೋ ರಷ್ಯಾದ ಸಸ್ಯವಿಜ್ಞಾನಿ 1900ರ ದಶಕದಲ್ಲಿ ಗಾಜಿನ ಕೊಳವೆಗೆ ಸೀಮೆಸುಣ್ಣದ ಪುಡಿ ತುಂಬಿ ಎಲೆಯ ಬಣ್ಣಗಳನ್ನು ಬೇರೆ ಮಾಡಿದ್ದು ಹೆಚ್ಚುಕಡಿಮೆ ಹೀಗೇ. ತಮಾಷೆ ಅಂದ್ರೆ ರಷ್ಯನ್ ಭಾಷೆಯಲ್ಲಿ ತ್ಸ್ವೆಟ್ ಅಂದರೆ ಬಣ್ಣ. ಮಿಕ್ಕ ಸ್ಪಿರಿಟ್‌ಗೆ ಕತ್ತಲೆಯಲ್ಲಿ ನೋಟು ಪರೀಕ್ಷಿಸೋ ನೇರಳೆ ಟಾರ್ಚ್ ಬಿಡಿ, ಹಸಿರು ದ್ರವ ರಕ್ತದ ಹಾಗೆ ಕೆಂಪಗೆ ಹೊಳೆಯುತ್ತೆ. ಮಕ್ಕಳು ಬಿಟ್ಟೇಳಲ್ಲ.

ಟೈಮ್ ಇದ್ದರೆ ಇನ್ನೊಂದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಪಂಚಿಂಗ್ ಮಷೀನಿನಿಂದ ಪಾಲಕ್ ಎಲೆಯಲ್ಲಿ ಹತ್ತು ಬಿಲ್ಲೆ ಕತ್ತರಿಸಿ, ಸೂಜಿ ಇಲ್ಲದ ಸಿರಿಂಜಿಗೆ ಹಾಕಿ, ಒಂದು ಲೋಟ ನೀರಿಗೆ ದೊಡ್ಡ ಚಿಟಿಕೆ ಅಡುಗೆ ಸೋಡಾ ಮತ್ತು ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಹನಿ ಹಾಕಿ ಕಲಸಿ ಅದರಿಂದ ಎಳೆದುಕೊಳ್ಳಿ. ಗಾಳಿ ಹೊರಗೆ ತಳ್ಳಿ, ಸಿರಿಂಜಿನ ಬಾಯಿಗೆ ಬೆರಳು ಒತ್ತಿ, ಪಿಸ್ಟನ್ ಹಿಂದಕ್ಕೆಳೆದು ಹತ್ತು ಸೆಕೆಂಡ್ ಹಿಡಿದು ಬಿಡಿ. ಎರಡು ಮೂರು ಸಲ ಮಾಡಿದರೆ ಎಲೆಯೊಳಗಿನ ಗಾಳಿ ಹೋಗಿ ಬಿಲ್ಲೆಗಳು ಮುಳುಗುತ್ತವೆ. ಮತ್ತೆ ಲೋಟಕ್ಕೆ ಸುರಿದು ಬಿಸಿಲಿಗಿಡಿ. ಸೋಡಾದಿಂದ ಇಂಗಾಲದ ಡೈಆಕ್ಸೈಡ್ ಸಿಗುತ್ತೆ, ಎಲೆ ಆಮ್ಲಜನಕ ಬಿಡುತ್ತೆ, ಬಿಲ್ಲೆಗಳು ಒಂದೊಂದಾಗಿ ತೇಲಿ ಬರುತ್ತವೆ. ಕಪಾಟಿನ ಕತ್ತಲಲ್ಲಿಟ್ಟರೆ ಉಸಿರಾಟಕ್ಕೆ ಅದೇ ಆಮ್ಲಜನಕ ಖರ್ಚಾಗಿ ನಿಧಾನಕ್ಕೆ ಮತ್ತೆ ಮುಳುಗುತ್ತವೆ. ಇದನ್ನೇ ಹರಿವೆಯಲ್ಲಿ ಮಾಡಿದರೆ ಏನಾಗುತ್ತೆ ಅಂತ ಮೊದಲೇ ಹೇಳಬೇಡಿ, ಮಗಳೇ ಎರಡನ್ನೂ ಪಕ್ಕಪಕ್ಕ ಇಟ್ಟು ಗಡಿಯಾರ ನೋಡಿ ಬರೆದುಕೊಳ್ಳಲಿ.